ಜೊತೆಗೆ ಬಂದವರಿಗೆ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಇನ್ನೊಬ್ಬರ ಚೀಲ ಹಿಡಿದು ಕೂತಿರುವ ಎಲ್ಲರಿಗೂ,



ನಿಮ್ಮ ಹೆಸರು ನಮ್ಮ ಯಾವ ರಿಜಿಸ್ಟರಿನಲ್ಲೂ ಇಲ್ಲ. ಒಪಿಡಿ ಚೀಟಿ ಅತ್ತೆಯ ಹೆಸರಿನಲ್ಲಿದೆ, ಫೈಲು ಅಪ್ಪನದು, ಪಾಪೆ ಹಿಗ್ಗಿಸುವ ಹನಿ ಬಿದ್ದಿರುವುದು ಹೆಂಡತಿಯ ಕಣ್ಣಿಗೆ. ನೀವು ಶಿಕಾರಿಪುರದಿಂದಲೋ ಹೊನ್ನಾಳಿಯಿಂದಲೋ ಮೊದಲ ಬಸ್ಸು ಹಿಡಿದು ಅವರ ಜೊತೆಗೆ ಬಂದಿದ್ದೀರಿ. ತೊಡೆಯ ಮೇಲೆ ಬುತ್ತಿ ಚೀಲ, ಅದರೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಹಳೆಯ ರಿಪೋರ್ಟುಗಳು, ಕೈಯಲ್ಲಿ ಅವರ ಕನ್ನಡಕ. ಯಾರ ಹೆಸರು ಕೂಗಿದರೂ ತಲೆ ಎತ್ತುತ್ತೀರಿ. ಮಧ್ಯಾಹ್ನ ಎರಡಾದರೂ ಊಟಕ್ಕೆ ಏಳುವುದಿಲ್ಲ, ಎದ್ದ ಹೊತ್ತಿಗೇ ಕರೆದುಬಿಟ್ಟರೆ ಎಂಬ ಭಯ.

ನಾನು ಆ ಬೆಂಚಿನ ಎದುರಿನ ಕತ್ತಲೆ ಕೋಣೆಯಲ್ಲಿ ಕೆಲಸ ಮಾಡುವವಳು. ಹದಿನಾಲ್ಕು ವರ್ಷದಿಂದ ಆಪ್ಟೊಮೆಟ್ರಿಸ್ಟ್, ಅದರಲ್ಲಿ ಹನ್ನೊಂದು ವರ್ಷ, ಕಣ್ಣಿನ ಒಳಗನ್ನು ಸ್ಕ್ಯಾನ್ ಮಾಡುವ ಓಸಿಟಿ ಯಂತ್ರದ ಮುಂದೆ. "ಗದ್ದ ಇಲ್ಲಿಡಿ, ಹಣೆ ತಾಗಿಸಿ, ಒಳಗಿರೋ ಗುರುತನ್ನೇ ನೋಡ್ತಾ ಇರಿ, ರೆಪ್ಪೆ ಬಡೀಬೇಡಿ" ಎಂದು ದಿನಕ್ಕೆ ನಲವತ್ತು ಸಲವಾದರೂ ಹೇಳುತ್ತೇನೆ. ನಿಮ್ಮವರ ಕೈ ಹಿಡಿದು ತಂದು ನನ್ನ ಬಾಗಿಲವರೆಗೆ ಬಿಡುತ್ತೀರಿ. ಆಮೇಲೆ ಹೊರಗೇ ನಿಲ್ಲುತ್ತೀರಿ. ಒಮ್ಮೆ ನೀವೂ ಒಳಗೆ ಬಂದು ಆ ಕುರ್ಚಿಯಲ್ಲಿ ಕೂರಿ ಎಂದು ಕೇಳಲಿಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾ, ಊದಿಕೊಂಡಿದೆಯೋ ಸವೆದಿದೆಯೋ ಎಂಬುದನ್ನು ನಾವು ಅದರ ದಪ್ಪ ಅಳೆದು ಹೇಳುತ್ತೇವೆ. ಊದಿದೆ ಎನ್ನಬೇಕಾದರೆ ಊದದೆ ಇರುವುದು ಎಷ್ಟು ದಪ್ಪ ಎಂದು ಮೊದಲು ಗೊತ್ತಿರಬೇಕಲ್ಲ? ಅದನ್ನು ರೋಗಿಯ ಕಣ್ಣು ಹೇಳಲಾರದು, ಏನೂ ತೊಂದರೆ ಇಲ್ಲದ ಕಣ್ಣೇ ಹೇಳಬೇಕು. ಅಂಥ ಕಣ್ಣಿನವರು ಆಸ್ಪತ್ರೆಯ ಕಡೆಗೆ ತಲೆ ಹಾಕುವುದಿಲ್ಲ. ಬಂದರೂ ನಿಮ್ಮ ಹಾಗೆ ಇನ್ನೊಬ್ಬರ ಜೊತೆಗೆ ಬರುತ್ತಾರೆ. ಎಂಎಸ್ ಓದುತ್ತಿರುವ ಡಾಕ್ಟರ್ ಹುಡುಗಿಯೋ ಹುಡುಗನೋ ಒಂದು ಒಪ್ಪಿಗೆ ಪತ್ರ ಹಿಡಿದು "ನಿಮ್ಮ ಕಣ್ಣು ಚೆನ್ನಾಗಿದ್ಯಾ? ಹತ್ತು ನಿಮಿಷ ಬರ್ತೀರಾ?" ಎಂದು ನಿಮ್ಮ ಹತ್ತಿರ ಬಂದಿರಬಹುದು. ಓದಿನ ಪ್ರಬಂಧಕ್ಕೆ ಆರೋಗ್ಯವಂತರ ಅಳತೆ ಬೇಕಾಗಿ ಅವರು ಹಾಗೆ ಬೆಂಚಿನಿಂದ ಬೆಂಚಿಗೆ ಅಲೆಯುತ್ತಾರೆ. ನಿಮ್ಮಲ್ಲಿ ಹೆಚ್ಚಿನವರು ತಲೆ ಅಲ್ಲಾಡಿಸಿ ಆಚೆ ನೋಡುತ್ತೀರಿ. ಯಾಕೆಂದು ನನಗೆ ಗೊತ್ತಿದೆ, ಆ ಮಾತಿಗೂ ಬರುತ್ತೇನೆ. ಅದಕ್ಕೂ ಮೊದಲು ನಾವು ಅಳೆಯುವುದು ಎಂಥದ್ದನ್ನು ಎಂದು ನಿಮಗೆ ತೋರಿಸಬೇಕು.

ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ನೋಟದ ನಟ್ಟನಡುವೆ ನಿಮ್ಮ ರೆಟಿನಾ ಮೂರು ನಾಲ್ಕು ಕೂದಲನ್ನು ಒಂದರ ಮೇಲೊಂದು ಇಟ್ಟಷ್ಟು ದಪ್ಪವಿದೆ, ಅಷ್ಟೇ. ಅಷ್ಟರೊಳಗೆ ಬೆಳಕನ್ನು ಹಿಡಿಯುವ ಕೋಶ, ಅದನ್ನು ಸುದ್ದಿಯಾಗಿ ಮಾಡಿ ದಾಟಿಸುವ ಕೋಶ, ಮಿದುಳಿಗೆ ಒಯ್ಯುವ ನರದ ಎಳೆ ಎಲ್ಲ ಪದರ ಪದರವಾಗಿ ಕೂತಿವೆ. ಬದುಕಿರುವ ಮನುಷ್ಯನ ಕಣ್ಣಿನಲ್ಲಿ, ಎಲ್ಲೂ ಕೊಯ್ಯದೆ, ಚುಚ್ಚದೆ, ಮುಟ್ಟದೆ ಇದನ್ನು ಅಳೆಯುತ್ತೇವೆ. ಹನ್ನೊಂದು ವರ್ಷವಾದರೂ ಇದು ನನಗೆ ಮಾಮೂಲಿ ಎನಿಸಿಲ್ಲ.

ಹೊಟ್ಟೆಯ ಸ್ಕ್ಯಾನಿಂಗ್ ನಿಮಗೆ ಗೊತ್ತು. ಅಲ್ಲಿ ಶಬ್ದದ ಅಲೆ ಒಳಗೆ ಹೋಗಿ ತಾಗಿ ಮರಳುತ್ತದೆ, ಮರಳಲು ಹಿಡಿದ ಹೊತ್ತಿನಿಂದ ಆಳವನ್ನು ಲೆಕ್ಕ ಹಾಕುತ್ತಾರೆ. ಓಸಿಟಿ ಆ ಕೆಲಸವನ್ನೇ ಬೆಳಕಿನಿಂದ ಮಾಡುತ್ತದೆ. ತೊಡಕು ಏನೆಂದರೆ ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುವಂಥದ್ದು. ರೆಟಿನಾದಷ್ಟು ದಪ್ಪವನ್ನು ದಾಟಲು ಅದಕ್ಕೆ ಸೆಕೆಂಡಿನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲಿನ ಆಸುಪಾಸು ಸಾಕು. ಆ ಹೊತ್ತನ್ನು ನೇರವಾಗಿ ಅಳೆಯುವುದು ಆಗದ ಮಾತು. ಅದಕ್ಕೆ ಬೆಳಕನ್ನು ಎರಡಾಗಿ ಸೀಳಿ ಒಂದು ಪಾಲನ್ನು ಕಣ್ಣಿಗೆ, ಇನ್ನೊಂದನ್ನು ಯಂತ್ರದೊಳಗಿನ ಕನ್ನಡಿಗೆ ಕಳಿಸುತ್ತಾರೆ. ಎರಡೂ ಮರಳಿ ಬಂದು ಒಂದನ್ನೊಂದು ಕೂಡುತ್ತವೆ. ಕೆರೆಗೆ ಎರಡು ಕಲ್ಲು ಎಸೆದಾಗ ಅಲೆಗಳು ಸೇರುವಲ್ಲಿ ಒಂದೆಡೆ ನೀರು ಎದ್ದು ಇನ್ನೊಂದೆಡೆ ಅಡಗುತ್ತದಲ್ಲ, ಅದೇ ಬಗೆ. ಆ ಏಳುಬೀಳಿನಿಂದ ಯಾವ ಆಳದ ಪದರ ಎಷ್ಟು ಬೆಳಕನ್ನು ಹಿಂದಕ್ಕೆ ಕಳಿಸಿತು ಎಂದು ತಿಳಿಯುತ್ತದೆ. 1991ರಲ್ಲಿ ಅಮೆರಿಕದ ಎಂಐಟಿಯ ಜೇಮ್ಸ್ ಫುಜಿಮೊಟೊ, ಆಗಿನ್ನೂ ವಿದ್ಯಾರ್ಥಿಯಾಗಿದ್ದ ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್ ಮತ್ತು ಸಂಗಡಿಗರು ಇದನ್ನು 'ಸೈನ್ಸ್' ಪತ್ರಿಕೆಯಲ್ಲಿ ಲೋಕದ ಮುಂದಿಟ್ಟರು. ಆಗ ಅವರು ನೋಡಿದ್ದು ದೇಹದಿಂದ ಬೇರೆಯಾದ ರೆಟಿನಾ. ಎರಡೇ ವರ್ಷದಲ್ಲಿ, 1993ರ ಹೊತ್ತಿಗೆ, ಬದುಕಿರುವವರ ಕಣ್ಣಿನೊಳಗಿನ ಚಿತ್ರ ಬಂತು. ಈ ಮೂವರಿಗೆ 2023ರಲ್ಲಿ ಲಾಸ್ಕರ್ ಪ್ರಶಸ್ತಿ ಸಿಕ್ಕಿತು.

ಚೆನ್ನಾಗಿರುವ ಕಣ್ಣಿನ ಓಸಿಟಿ ಚಿತ್ರ ನೋಡಲು ಚೆಂದ. ಎರಡು ಕಡೆ ನಿಧಾನವಾಗಿ ಏರುವ ದಿಬ್ಬ, ನಡುವೆ ಒಂದು ನಯವಾದ ಕುಳಿ. ಅದರ ಹೆಸರು ಫೋವಿಯಾ. ಅಲ್ಲಿ ಮೇಲಿನ ಪದರಗಳೆಲ್ಲ ಅತ್ತಿತ್ತ ಸರಿದು ದಾರಿ ಬಿಟ್ಟಿವೆ, ಬೆಳಕು ನೇರವಾಗಿ ಅದನ್ನು ಹಿಡಿಯುವ ಕೋಶಗಳ ಮೇಲೆ ಬೀಳಲಿ ಎಂದು. ಬಸ್ಸಿನ ಬೋರ್ಡು ಓದುವುದು, ಸೂಜಿಗೆ ದಾರ ಪೋಣಿಸುವುದು, ಮೊಮ್ಮಗುವಿನ ಮುಖ ಗುರುತಿಸುವುದು, ಈ ಸಾಲನ್ನು ನೀವು ಓದುತ್ತಿರುವುದು ಎಲ್ಲ ಆ ಕುಳಿಯಿಂದಲೇ. ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳ ಸೋರಿ ಆ ಕುಳಿಯಲ್ಲಿ ನೀರು ತುಂಬಿಕೊಂಡರೆ ಕಣಿವೆ ಇದ್ದ ಕಡೆ ಗುಡ್ಡ ಏಳುತ್ತದೆ. ನಿಮ್ಮವರಲ್ಲಿ ಎಷ್ಟೋ ಜನ ತಿಂಗಳಿಗೊಮ್ಮೆ ಕಣ್ಣಿಗೆ ಇಂಜೆಕ್ಷನ್ ತೆಗೆದುಕೊಳ್ಳುವುದು ಆ ಗುಡ್ಡವನ್ನು ಇಳಿಸಲಿಕ್ಕೆ.

ಯಂತ್ರ ಈ ಜಾಗವನ್ನು ಒಂಬತ್ತು ಹೊಲವಾಗಿ ವಿಂಗಡಿಸುತ್ತದೆ. ನಡುವೆ 1 ಮಿಲಿಮೀಟರ್ ಅಗಲದ ವೃತ್ತ, ಅದರ ಸುತ್ತ 3 ಮಿಲಿಮೀಟರಿನದು, ಅದರಾಚೆ 6 ಮಿಲಿಮೀಟರಿನದು. ಹೊರಗಿನ ಎರಡು ಬಳೆಗಳಿಗೆ ನಾಲ್ಕು ನಾಲ್ಕು ತುಂಡು. ನಡುವಿನ ಹೊಲ ಎಲ್ಲಕ್ಕಿಂತ ತೆಳು, ಅದಕ್ಕೆ ತಾಗಿದ ಬಳೆ ಎಲ್ಲಕ್ಕಿಂತ ದಪ್ಪ, ಹೊರಗಿನ ಬಳೆ ಮತ್ತೆ ತೆಳ್ಳಗೆ. ಹೊರಬಳೆಯಲ್ಲೂ ಮೂಗಿನ ಕಡೆಯದು ಕಿವಿಯ ಕಡೆಯದಕ್ಕಿಂತ ದಪ್ಪ, ಏಕೆಂದರೆ ನರದ ಎಳೆಗಳೆಲ್ಲ ಆ ಕಡೆಗೇ ಕೂಡುತ್ತಾ ಹೋಗುತ್ತವೆ. ಆರೋಗ್ಯವಂತರೆಲ್ಲರಲ್ಲೂ ಈ ಏರಿಳಿತ ಹೆಚ್ಚು ಕಡಿಮೆ ಒಂದೇ. ಆದರೆ ಅಂಕಿ?

ಇಲ್ಲಿಂದ ಮುಂದೆ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೇಳಿಕೊಳ್ಳುತ್ತೇನೆ.

2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಗ ಎಲ್ಲ ಕಡೆ ಇದ್ದ ಸ್ಟ್ರೇಟಸ್ ಎಂಬ ಯಂತ್ರದಿಂದ 37 ಆರೋಗ್ಯವಂತ ಕಣ್ಣುಗಳನ್ನು ಅಳೆದರು. ನಡುವಿನ ಹೊಲದ ಸರಾಸರಿ ದಪ್ಪ 212 ಮೈಕ್ರಾನ್ ಬಂತು. ಮೂರೇ ವರ್ಷದ ಬಳಿಕ ಅಮೆರಿಕದಲ್ಲಿ ಸ್ಪೆಕ್ಟ್ರಾಲಿಸ್ ಎಂಬ ಹೊಸ ಯಂತ್ರದಿಂದ 50 ಆರೋಗ್ಯವಂತ ಕಣ್ಣುಗಳನ್ನು ಅಳೆದಾಗ ಸರಾಸರಿ 270. ಮೂರು ವರ್ಷದಲ್ಲಿ ಮನುಷ್ಯರ ರೆಟಿನಾ ದಪ್ಪವಾಗಲಿಲ್ಲ. ಹಳೆಯ ಯಂತ್ರ ರೆಟಿನಾದ ತಳ ಎಂದು ಗೆರೆ ಎಳೆಯುತ್ತಿದ್ದ ಜಾಗಕ್ಕಿಂತ ಹೊಸದು ಇನ್ನೂ ಆಳದಲ್ಲಿ ಗೆರೆ ಎಳೆಯುತ್ತದೆ, ಅಷ್ಟೇ ವ್ಯತ್ಯಾಸ. ಸೇರು ಬದಲಾದರೆ ಅದೇ ಅಕ್ಕಿಯ ಲೆಕ್ಕ ಬದಲಾಗುವಂತೆ. ಆದ್ದರಿಂದ ಒಂದು ಊರಿನ ರಿಪೋರ್ಟಿನಲ್ಲಿ 255, ನಮ್ಮಲ್ಲಿ 268 ಎಂದು ಬಂದರೆ "ಹದಿಮೂರು ಜಾಸ್ತಿ ಆಗಿದೆ" ಎಂದು ಗಾಬರಿಯಾಗಬೇಡಿ, ಮೊದಲು ಯಂತ್ರದ ಹೆಸರು ನೋಡಿ. ನಿಮ್ಮವರ ಚಿಕಿತ್ಸೆ ನಡೆಯುವಷ್ಟು ಕಾಲ ಆದಷ್ಟೂ ಒಂದೇ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿ. ಹಳೆಯ ರಿಪೋರ್ಟನ್ನು ಮಡಚದೆ ತನ್ನಿ. ಬುತ್ತಿಯ ಎಣ್ಣೆ ತಾಗಿದರೂ ಪರವಾಗಿಲ್ಲ, ಬಿಸಾಡಬೇಡಿ.

ಇನ್ನು, ಯಂತ್ರದೊಳಗೆ ಕೂತಿರುವ ಆರೋಗ್ಯವಂತರು ಯಾರು ಎಂಬ ಮಾತು.

ಯಾವುದೇ ಓಸಿಟಿ ಯಂತ್ರ ತನ್ನ ಜೊತೆಗೆ ಒಂದು ಪಟ್ಟಿ ಹೊತ್ತು ತರುತ್ತದೆ. ಕಂಪನಿಯವರು ಮೊದಲೇ ಅಳೆದಿಟ್ಟ ಆರೋಗ್ಯವಂತರ ಪಟ್ಟಿ. ನಿಮ್ಮವರ ಕಣ್ಣನ್ನು ಅಳೆದ ಕೂಡಲೆ ಅದರ ಪಕ್ಕದಲ್ಲಿಟ್ಟು ಬಣ್ಣ ಬಳಿಯುತ್ತದೆ: ಹಸಿರಾದರೆ ಸರಿ, ಹಳದಿಯಾದರೆ ಅನುಮಾನ, ಕೆಂಪಾದರೆ ಪಟ್ಟಿಯಲ್ಲಿರುವವರಲ್ಲಿ ನೂರಕ್ಕೆ ಒಬ್ಬರಿಗೂ ಇಷ್ಟು ತೆಳ್ಳಗಿಲ್ಲ ಎಂದು ಅರ್ಥ. ಹೆಸರಾಂತ ಸಿರಸ್ ಯಂತ್ರದ ಪಟ್ಟಿಯಲ್ಲಿದ್ದವರು 284 ಮಂದಿ. ಅದರಲ್ಲಿ ಭಾರತೀಯರೆಂದು ಗುರುತಾದವರು ನೂರಕ್ಕೆ ಒಬ್ಬರಷ್ಟು. ಸ್ಪೆಕ್ಟ್ರಾಲಿಸ್ ಯಂತ್ರದಲ್ಲಿ ನರದ ಎಳೆಗಳ ದಪ್ಪವನ್ನು ತೂಗಲು ಮೊದಲು ಬಳಸಿದ ಪಟ್ಟಿಯಲ್ಲಿ 201 ಮಂದಿ, ಎಲ್ಲರೂ ಬಿಳಿಯರು. ಕಂಪನಿಗಳ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ತಮ್ಮ ಊರಿನಲ್ಲಿ ಕುರ್ಚಿಗೆ ಬಂದು ಕೂತವರನ್ನು ಅವರು ಅಳೆದರು. ನಮ್ಮ ಊರಿನವರನ್ನು ಅಳೆಯುವ ಕೆಲಸ ನಮ್ಮದು. ಅದು ಸ್ವಲ್ಪ ಸ್ವಲ್ಪವಾಗಿ ನಡೆದೂ ಇದೆ. 2014ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಆಫ್ತಲ್ಮಾಲಜಿ'ಯಲ್ಲಿ 105 ಮಂದಿ ಆರೋಗ್ಯವಂತ ಭಾರತೀಯರ ಅಳತೆ ಪ್ರಕಟವಾಯಿತು. ಅದೇ ಸ್ಪೆಕ್ಟ್ರಾಲಿಸ್ ಯಂತ್ರ, ಅದೇ ನಡುವಿನ ಹೊಲ, ಸರಾಸರಿ ಸುಮಾರು 260. ಅಲ್ಲಿಯ 270ಕ್ಕೂ ಇಲ್ಲಿಯ 260ಕ್ಕೂ ನಡುವಿನ ಹತ್ತು ಮೈಕ್ರಾನ್ ಕೂದಲಿನ ಏಳನೆಯ ಒಂದು ಪಾಲು. ಆದರೆ ನನ್ನ ಕೋಣೆಯಲ್ಲಿ ಹತ್ತು ಮೈಕ್ರಾನ್‌ಗೆ ಇಂಜೆಕ್ಷನ್ ಬೇಕೋ ಬೇಡವೋ ಎಂಬ ಮಾತು ಆ ಕಡೆಯಿಂದ ಈ ಕಡೆಗೆ ವಾಲುವುದುಂಟು.

ಊರಿನ ಮಾತು ಬಿಡಿ, ಒಂದೇ ಮನೆಯೊಳಗೂ ಒಂದೇ ಅಳತೆ ಇಲ್ಲ. ಗಂಡಸರ ರೆಟಿನಾ ನಡುವಿನಲ್ಲಿ ಹೆಂಗಸರದಕ್ಕಿಂತ ಸರಾಸರಿಯಲ್ಲಿ ದಪ್ಪ. ಅಮೆರಿಕದ ಡಿಆರ್‌ಸಿಆರ್ ಎಂಬ ಸಂಶೋಧನಾ ಜಾಲದವರು ಸಕ್ಕರೆ ಕಾಯಿಲೆಯ ಊತವನ್ನು ಗುರುತಿಸಲು ಸ್ಪೆಕ್ಟ್ರಾಲಿಸ್‌ನಲ್ಲಿ ಗಂಡಸರಿಗೆ 320, ಹೆಂಗಸರಿಗೆ 305 ಮೈಕ್ರಾನ್ ಎಂದು ಗೆರೆ ಹಾಕಿಕೊಂಡರು. ಸಿರಸ್‌ನಲ್ಲಿ ಅದೇ ಗೆರೆ 305 ಮತ್ತು 290. ಈಗ ಸ್ಪೆಕ್ಟ್ರಾಲಿಸ್‌ನಲ್ಲಿ ನಿಮ್ಮ ಅತ್ತೆಯ ಅಳತೆ 312 ಬಂತು ಎಂದುಕೊಳ್ಳಿ. ಗಂಡಸರ ಗೆರೆಯಲ್ಲಿ ನೋಡಿದರೆ ಊತವಿಲ್ಲ, ಹೆಂಗಸರ ಗೆರೆಯಲ್ಲಿ ಊತವಿದೆ. ಡಾಕ್ಟರು ಬರೀ ಅಂಕಿ ನೋಡಿ ತೀರ್ಮಾನ ಮಾಡುವುದಿಲ್ಲ, ನೋಟ ಎಷ್ಟಿದೆ ಎಂದು ನೋಡುತ್ತಾರೆ, ನೀರು ಎಲ್ಲಿ ನಿಂತಿದೆ ಎಂದು ನೋಡುತ್ತಾರೆ. ಆದರೂ ಆ ಗೆರೆ ಎಲ್ಲಿಂದ ಬಂತು? ಯಾವುದೋ ಊರಿನಲ್ಲಿ ಏನೂ ಕಾಯಿಲೆ ಇಲ್ಲದ ಹೆಂಗಸರು ತಮ್ಮ ಕೆಲಸ ಬಿಟ್ಟು ಬಂದು ಗದ್ದ ಇಟ್ಟು ಕೂತದ್ದರಿಂದ ಬಂತು. ನಮ್ಮ ಬೆಂಚಿನ ಮೇಲಿನ ಹೆಂಗಸರೇ ಹೆಚ್ಚಾಗಿ "ನಂದೇನು ನೋಡ್ತೀರಿ, ಅವರದ್ದು ನೋಡಿ" ಎನ್ನುತ್ತಾರೆ. ನಿಮ್ಮನ್ನು ಒಬ್ಬರಾದರೂ ನೋಡಲಿ ಎಂಬುದು ನನ್ನ ಆಸೆ.

ಮೈನಸ್ ನಂಬರಿನ ಕನ್ನಡಕದವರ ಕಥೆ ಬೇರೆ. ಅವರ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆದಿರುತ್ತದೆ. ರೊಟ್ಟಿ ತಟ್ಟುತ್ತಾ ಅಗಲವಾದಂತೆ ತೆಳುವಾಗುವ ಹಾಗೆ, ಹೊರಗಿನ ಬಳೆಗಳಲ್ಲಿ ರೆಟಿನಾ ತೆಳ್ಳಗಾಗಿರುತ್ತದೆ. ನರದ ಎಳೆಗಳ ಕಟ್ಟುಗಳೂ ಕಿವಿಯ ಕಡೆಗೆ ಸರಿದಿರುತ್ತವೆ. ಯಂತ್ರದ ಪಟ್ಟಿ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಕಣ್ಣಿನ ಉದ್ದವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಇದರಿಂದ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ.

ಸಾಗರದ ಕಡೆಯ ಒಬ್ಬ ಕಾಲೇಜು ಮೇಷ್ಟ್ರು ತಾಯಿಯನ್ನು ಪೊರೆ ಆಪರೇಷನ್ನಿಗೆ ಕರೆತಂದಿದ್ದರು. ಮೂವತ್ತೆರಡು ವಯಸ್ಸು, ನಂಬರು ಮೈನಸ್ ಏಳು. ಅವರೂ ನಿಮ್ಮ ಹಾಗೆ ಬೆಂಚಿನವರೇ. ತಾಯಿಯ ಸ್ಕ್ಯಾನ್ ಮುಗಿದ ಮೇಲೆ ಹಿಂಜರಿಯುತ್ತಾ ತಮ್ಮ ಬ್ಯಾಗಿನಿಂದ ಒಂದು ರಿಪೋರ್ಟ್ ತೆಗೆದರು. ಬೇರೆ ಊರಿನಲ್ಲಿ ಎರಡು ವರ್ಷದ ಹಿಂದೆ ತೆಗೆದದ್ದು, ನರದ ಸುತ್ತಲಿನ ಚಿತ್ರದಲ್ಲಿ ಎರಡು ತುಂಡು ಕೆಂಪು. ಗ್ಲಾಕೋಮಾ, ಅಂದರೆ ಕಣ್ಣಿನ ನರ ಸವೆಯುವ ಕಾಯಿಲೆ, ಶುರುವಾಗಿದೆ ಎಂದು ಹೇಳಿ ಹನಿ ಬರೆದುಕೊಟ್ಟಿದ್ದರಂತೆ. ಎರಡು ವರ್ಷ ಒಂದು ರಾತ್ರಿಯೂ ತಪ್ಪದೆ ಹಾಕಿದ್ದರು. "ಮದುವೆ ಮಾತನ್ನೇ ಮುಂದಕ್ಕೆ ಹಾಕಿದ್ದೀನಿ ಮೇಡಂ, ಕಣ್ಣು ಹೋಗೋನಿಗೆ ಯಾರ ಮಗಳನ್ನ ಕೇಳೋದು" ಎಂದರು. ನಮ್ಮ ಡಾಕ್ಟರು ಅವತ್ತೇ ತೀರ್ಪು ಕೊಡಲಿಲ್ಲ. ಕಣ್ಣಿನ ಒತ್ತಡ ಹಲವು ಸಲ ನೋಡಿದರು, ನರ ನೋಡಿದರು, ಪಕ್ಕದ ನೋಟದ ಪರೀಕ್ಷೆ ಮಾಡಿಸಿದರು, ತಿಂಗಳುಗಟ್ಟಲೆ ಬಿಟ್ಟು ಮತ್ತೆ ಮಾಡಿಸಿದರು. ಒಂದಿಷ್ಟೂ ಬದಲಾವಣೆ ಇರಲಿಲ್ಲ. ಹನಿ ನಿಲ್ಲಿಸಿದರು, ಆರು ತಿಂಗಳಿಗೊಮ್ಮೆ ತೋರಿಸಲು ಹೇಳಿದರು. ಉದ್ದವಾದ, ಆರೋಗ್ಯವಂತ ಕಣ್ಣು ಅದು. ಇದಕ್ಕೆ ಕಣ್ಣಿನ ಡಾಕ್ಟರುಗಳು 'ಕೆಂಪು ಕಾಯಿಲೆ' ಎಂದೇ ಹೆಸರಿಟ್ಟಿದ್ದಾರೆ. ಕಾಯಿಲೆ ಇರುವುದು ಕಣ್ಣಿನಲ್ಲಲ್ಲ, ಬಣ್ಣದಲ್ಲಿ.

ಆ ಮೇಷ್ಟ್ರ ಮುಖ ನೆನಪಾದಾಗಲೆಲ್ಲ ನನ್ನದೊಂದು ಹಳೆಯ ತಪ್ಪು ನೆನಪಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ರಿಪೋರ್ಟ್ ಪ್ರಿಂಟಾಗುತ್ತಿದ್ದ ಹಾಗೆ ಒಬ್ಬರ ಎದುರಿಗೇ "ಅಯ್ಯೋ, ಕೆಂಪು ಬಂದಿದೆಯಲ್ಲ" ಎಂದುಬಿಟ್ಟಿದ್ದೆ. ಡಾಕ್ಟರ ಕೋಣೆಗೆ ಹೋಗುವ ಇಪ್ಪತ್ತು ಹೆಜ್ಜೆಯಲ್ಲಿ ಆ ಮನುಷ್ಯ ಬೆವೆತುಹೋಗಿದ್ದರು. ಅಂದಿನಿಂದ ನಾನು ಬಣ್ಣದ ಹೆಸರು ಎತ್ತುವುದಿಲ್ಲ.

ಬಣ್ಣದ ಲೆಕ್ಕವೂ ನಿಮಗೆ ತಿಳಿದಿರಲಿ. ನೂರು ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿ, ತೀರ ತೆಳ್ಳಗಿರುವ ಐದು ಮಂದಿಯನ್ನು ಹಸಿರಿನಿಂದ ಹೊರಗಿಡುವಂತೆ ಆ ಗೆರೆ ಎಳೆದಿದ್ದಾರೆ. ಅಂದರೆ ನೂರು ಜನ ಗಟ್ಟಿಮುಟ್ಟಾದವರನ್ನು ಅಳೆದರೂ ಐದು ಮಂದಿಗೆ ಹಳದಿಯೋ ಕೆಂಪೋ ಬರುವುದು ಲೆಕ್ಕದಲ್ಲೇ ಇದೆ. ಒಂದು ಕಣ್ಣಿಗೆ ಒಂಬತ್ತು ಹೊಲ, ಎರಡು ಕಣ್ಣಿಗೆ ಹದಿನೆಂಟು. ಹದಿನೆಂಟರಲ್ಲಿ ಒಂದಾದರೂ ಹಸಿರು ತಪ್ಪುವುದು ಇನ್ನೂ ಹೆಚ್ಚು. ಪಟ್ಟಿಯಲ್ಲಿ ನಮ್ಮಂಥವರು ವಿರಳವಾದಷ್ಟೂ ಈ ಬಣ್ಣಗಳ ಮಾತನ್ನು ನಂಬುವುದು ಕಷ್ಟ. ಅದಕ್ಕೇ ನಿಮ್ಮ ಕಣ್ಣು ಬೇಕು ಎನ್ನುತ್ತಿರುವುದು.

ಈಗ ನೀವು ಮುಖ ತಿರುಗಿಸುವ ಕಾರಣಗಳಿಗೆ ಬರುತ್ತೇನೆ.

"ಇಲ್ಲದ ಕಾಯಿಲೆ ಎಲ್ಲಿ ಹೊರಗೆ ಬೀಳುತ್ತೋ" ಎಂಬುದು ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಒಬ್ಬರ ಔಷಧಿಗೇ ಹಣ ಹೊಂದಿಸುತ್ತಿರುವಾಗ ಇನ್ನೊಂದು ಕಾಯಿಲೆಯ ಹೆಸರು ಕೇಳುವ ಶಕ್ತಿ ಯಾರಿಗಿದೆ? ಕೆಲವು ಸಲ ಏನಾದರೂ ಕಾಣಿಸುವುದೂ ನಿಜ. ಆಗ ನಿಮಗೆ ತಿಳಿಸಿ, ಡಾಕ್ಟರಿಗೆ ತೋರಿಸುತ್ತಾರೆ. ಗ್ಲಾಕೋಮಾದಂಥದ್ದು ನೋವಿಲ್ಲದೆ, ಸದ್ದಿಲ್ಲದೆ ಪಕ್ಕದ ನೋಟವನ್ನು ಮೇಯುತ್ತಾ ಬರುತ್ತದೆ, ಹೋದ ನೋಟ ಮತ್ತೆ ಬರುವುದಿಲ್ಲ. ಮೊದಲೇ ಗೊತ್ತಾದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಇದಕ್ಕಿಂತ ಹೆಚ್ಚಿನ ಸಮಾಧಾನ ನನ್ನ ಹತ್ತಿರ ಇಲ್ಲ.

ಎರಡನೆಯದು ಕೈಗೆ ಚುಚ್ಚುತ್ತಾರೆ, ಮೈ ಹಳದಿಯಾಗುತ್ತದೆ ಎಂಬ ಭಯ. ನಿಮ್ಮವರಲ್ಲಿ ಯಾರಿಗೋ ಬಣ್ಣದ ಔಷಧಿ ಚುಚ್ಚಿ ಕಣ್ಣಿನ ರಕ್ತನಾಳದ ಫೋಟೊ ತೆಗೆದಿರುತ್ತಾರೆ. ಆ ಪರೀಕ್ಷೆಯಲ್ಲಿ ಒಂದು ದಿನ ಮೂತ್ರ, ಚರ್ಮ ಹಳದಿಯಾಗುವುದು ಹೌದು. ಅದು ಆಂಜಿಯೋಗ್ರಫಿ, ಬೇರೆ. ಓಸಿಟಿಯಲ್ಲಿ ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ. ಕಣ್ಣಿಗೆ ಹೆಚ್ಚು ಕಡಿಮೆ ಕಾಣದ, ಕೆಂಪಿನಾಚೆಯ ಮಂದ ಬೆಳಕು ಅದು. ಒಂದು ತೆಳು ಕೆಂಪು ಗೆರೆ ಸರಿದಂತೆ ಕಾಣಬಹುದು. ಈಗಿನ ಯಂತ್ರಗಳಿಗೆ ಹೆಚ್ಚಿನವರಲ್ಲಿ ಪಾಪೆ ಹಿಗ್ಗಿಸುವ ಹನಿಯೂ ಬೇಕಿಲ್ಲ. ನೀವು ಮಂಜು ಕಣ್ಣಿನಲ್ಲಿ ಬೈಕು ಓಡಿಸಿಕೊಂಡು ಹೋಗಬೇಕಾಗುವುದಿಲ್ಲ.

ದುಡ್ಡಿನ ಮಾತು. ಅಧ್ಯಯನಕ್ಕೆಂದು ಕರೆದ ಆರೋಗ್ಯವಂತರ ಹತ್ತಿರ ಆ ಸ್ಕ್ಯಾನಿಗೆ ಹಣ ಕೇಳುವುದು ಸರಿಯಲ್ಲ. ಕೇಳಿದರೆ ಎದ್ದು ಬನ್ನಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಇಲ್ಲದಿದ್ದರೆ ಕನ್ನಡದ್ದು ಕೊಡಿ ಎಂದು ಕೇಳಿ, ಓದಲು ಬಾರದಿದ್ದರೆ ಓದಿ ಹೇಳಿ ಎನ್ನಿ. ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಇದೆಯಾ ಎಂದು ಕೇಳುವ ಹಕ್ಕು ನಿಮಗಿದೆ. ಅರ್ಧಕ್ಕೆ ಬೇಡ ಎನಿಸಿದರೆ ಏಳಬಹುದು, ಅದರಿಂದ ನಿಮ್ಮವರ ಚಿಕಿತ್ಸೆಗೆ ಒಂದು ಕೂದಲಷ್ಟೂ ತೊಂದರೆಯಾಗಬಾರದು. ನಿಮ್ಮ ಅಳತೆ ಪ್ರಬಂಧದಲ್ಲಿ ಸೇರುತ್ತದೆ, ಹೆಸರು ಸೇರುವುದಿಲ್ಲ. ನಿಮ್ಮ ಕಣ್ಣಿನ ಚಿತ್ರವನ್ನು ತೋರಿಸಿ ಎಂದು ಕೇಳಿ. ನನ್ನ ಕೋಣೆಯಲ್ಲಾದರೆ ಕೇಳದೆಯೂ ತೋರಿಸುತ್ತೇನೆ.

"ನನಗೆ ಚಾಳೀಸು ಬಂದಿದೆ, ನನ್ನ ಕಣ್ಣು ಆಗಲ್ಲ" ಎಂದು ಎಷ್ಟು ಜನ ಹೇಳುತ್ತೀರಿ! ಆಗುತ್ತದೆ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಕಣ್ಣಿನೊಳಗಿನ ಮಸೂರ ಬಿಗಿಯಾಗುವುದರಿಂದ, ರೆಟಿನಾಕ್ಕೂ ಅದಕ್ಕೂ ಸಂಬಂಧವಿಲ್ಲ. ಆಸ್ಪತ್ರೆಯಲ್ಲಿ ಸುಲಭವಾಗಿ ಸಿಗುವ ಆರೋಗ್ಯವಂತರು ಯಾರು ಗೊತ್ತೆ? ನಾವೇ ಕೆಲಸದವರು, ನರ್ಸಿಂಗ್ ಹುಡುಗಿಯರು, ಡಾಕ್ಟರ್ ಓದುವವರು. ಎಲ್ಲ ಇಪ್ಪತ್ತು ಮೂವತ್ತರ ಒಳಗಿನ ಪೇಟೆಯ ಕಣ್ಣುಗಳು. ರೋಗಿಗಳು ಐವತ್ತು ಅರವತ್ತರವರು. ವಯಸ್ಸಾದಂತೆ ನರದ ಎಳೆಗಳ ಪದರ ಏನೂ ಕಾಯಿಲೆ ಇಲ್ಲದೆಯೂ ನಿಧಾನಕ್ಕೆ ತೆಳುವಾಗುತ್ತದೆ. ಅರವತ್ತರ ಅಜ್ಜಿಯ ಪಕ್ಕದಲ್ಲಿ ಇಪ್ಪತ್ತರ ಹುಡುಗಿಯನ್ನು ನಿಲ್ಲಿಸಿ ಹೋಲಿಸಿದರೆ ನ್ಯಾಯವೇ? ಅದಕ್ಕೆ ಗದ್ದೆ ಕೆಲಸದ ಕೈಗಳಿರುವ, ಸಕ್ಕರೆ ಕಾಯಿಲೆ ಇಲ್ಲದ, ದೂರದ ನೋಟ ಚೆನ್ನಾಗಿರುವ ಅರವತ್ತರವರು ಸಿಕ್ಕಿದ ದಿನ ನಮಗೆ ಹಬ್ಬ.

ಒಂದು ಮಾತು ಮಾತ್ರ ಮುಚ್ಚಿಡಬೇಡಿ. "ಸ್ವಲ್ಪ ಶುಗರ್ ಇದೆ, ಹೇಳಿದರೆ ಬೇಡ ಅಂತಾರೇನೋ" ಎಂದು ಸುಮ್ಮನಾಗುವವರಿದ್ದಾರೆ, ಒಳ್ಳೆಯ ಮನಸ್ಸಿನಿಂದಲೇ. ನಿಮ್ಮ ಶುಗರ್, ಹಳೆಯ ಪೆಟ್ಟು, ಅಪ್ಪ ಅಮ್ಮನಿಗಿದ್ದ ಗ್ಲಾಕೋಮಾ ಎಲ್ಲ ಹೇಳಿ. ಬೇಡ ಎಂದರೆ ಬೇಸರ ಪಡಬೇಡಿ, ಶುಗರ್ ಇರುವವರ ಕಣ್ಣನ್ನು ಹೇಗಿದ್ದರೂ ವರ್ಷಕ್ಕೊಮ್ಮೆ ನಾವು ನೋಡಲೇಬೇಕು.

ಕೂರುವುದರಲ್ಲೂ ಒಂದು ಹದವಿದೆ. ಮೊದಲು ನಾಲ್ಕು ಸಲ ಚೆನ್ನಾಗಿ ರೆಪ್ಪೆ ಬಡಿದುಕೊಳ್ಳಿ, ಕಣ್ಣು ಒಣಗಿದ್ದರೆ ಚಿತ್ರ ಮಸುಕಾಗುತ್ತದೆ. ಆಮೇಲೆ ಗುರುತನ್ನೇ ನೋಡಿ. ನೋಟ ಸ್ವಲ್ಪ ಆಚೆ ಸರಿದರೂ ನಡುವಿನ ವೃತ್ತ ಕುಳಿಯ ಮೇಲೆ ಕೂರುವ ಬದಲು ದಿಬ್ಬದ ಮೇಲೆ ಕೂರುತ್ತದೆ, ತೆಳ್ಳಗಿರುವ ಕಣ್ಣು ದಪ್ಪ ಎಂದು ಅಳತೆ ಬರುತ್ತದೆ. ಹಾಗಾದಾಗ "ಇನ್ನೊಂದ್ಸಲ" ಎನ್ನುತ್ತೇನೆ. ಬೈದುಕೊಳ್ಳಬೇಡಿ.

ನಮ್ಮ ನಾಡಿನವರಿಗೆ ಕಣ್ಣು ಕೊಡುವುದು ಹೊಸದಲ್ಲ. 2006ರಲ್ಲಿ ನಟ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ಹೋದಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ನೋಟ ಬಂತು. ಆ ಬಳಿಕ ನೇತ್ರದಾನದ ಅರ್ಜಿ ತುಂಬಲು ನಮ್ಮ ಆಸ್ಪತ್ರೆಯ ಮುಂದೂ ಸಾಲು ನಿಂತಿತ್ತು. ಆ ಸಾಲಿನಲ್ಲಿ ನಿಮ್ಮಲ್ಲಿ ಕೆಲವರು ಇದ್ದಿರಿ. ಸತ್ತ ಮೇಲೆ ಕೊಡುವುದು ಕಣ್ಣಿನ ಮುಂಭಾಗದ ಕಾರ್ನಿಯಾ. ಹಿಂಭಾಗದ ರೆಟಿನಾವನ್ನು ಕಾರ್ನಿಯಾದಂತೆ ತೆಗೆದು ಇನ್ನೊಬ್ಬರಿಗೆ ಕೂರಿಸಿ ನೋಟ ಕೊಡುವುದು ಇನ್ನೂ ಸಾಧ್ಯವಾಗಿಲ್ಲ. ಅದರಿಂದ ಇನ್ನೊಬ್ಬರಿಗೆ ಕೊಡಬಹುದಾದದ್ದು ಅದರ ಅಳತೆ, ಅದನ್ನು ಬದುಕಿರುವಾಗ ಕೊಡಬೇಕು.

ಹೋದ ತಿಂಗಳು ಹೊನ್ನಾಳಿ ಕಡೆಯ ಒಬ್ಬ ಯಜಮಾನರು ಹೆಂಡತಿಯ ಮೂರನೆಯ ಇಂಜೆಕ್ಷನ್ನಿಗೆ ಬಂದಿದ್ದರು. ನಮ್ಮ ಎಂಎಸ್ ಓದುವ ಹುಡುಗಿ ಕೇಳಿದಾಗ ಬಹಳ ಹೊತ್ತು ಯೋಚಿಸಿ ಒಳಗೆ ಬಂದರು. ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಗದ್ದ ಇಟ್ಟರು. ಮುಗಿದ ಮೇಲೆ ನಾನು ಪರದೆಯ ಮೇಲೆ ಅವರ ಚಿತ್ರ ತೋರಿಸಿದೆ: ಅಚ್ಚುಕಟ್ಟಾದ ಕುಳಿ, 263. ಅವರು ಅದನ್ನೇ ನೋಡುತ್ತಾ, "ಇವಳದ್ದು ತೋರಿಸ್ತೀಯಾ ತಾಯಿ?" ಎಂದರು. ಹೆಂಡತಿಯನ್ನು ಒಳಗೆ ಕರೆಸಿ, ಅವರು ಹೂಂ ಎಂದ ಮೇಲೆ ಅವರ ಚಿತ್ರವನ್ನು ಪಕ್ಕದಲ್ಲಿ ತೆರೆದೆ. ಮೊದಲ ಸಲ 486 ಇತ್ತು, ಅವತ್ತು 341. ಯಜಮಾನರು ಬೆರಳಿನಿಂದ ತಮ್ಮ ಕುಳಿಯನ್ನೂ ಹೆಂಡತಿಯ ಗುಡ್ಡವನ್ನೂ ಮುಟ್ಟಿ ಮುಟ್ಟಿ ನೋಡಿದರು. "ಹಂಗಾದ್ರೆ ಇದು ಇದರಂಗಾಗ್ಬೇಕು" ಎಂದರು. ಮೂರು ತಿಂಗಳಿಂದ ಯಾಕೆ ಚುಚ್ಚಿಸಿಕೊಳ್ಳುತ್ತಿದ್ದೇನೆಂದು ಆಕೆಗೆ ತಿಳಿದದ್ದು ಆವತ್ತು. ಈ ತಿಂಗಳು ಬಂದಾಗ ಇಬ್ಬರೂ ಒಟ್ಟಿಗೇ ಒಳಗೆ ಬಂದು, ನಾನು ಬಾಯಿ ತೆರೆಯುವ ಮೊದಲೇ "ಇವತ್ತೆಷ್ಟು?" ಎಂದು ಕೇಳಿದರು.

ಆದ್ದರಿಂದ ಮುಂದಿನ ಸಲ ಯಾರಾದರೂ ಫಾರಂ ಹಿಡಿದು ನಿಮ್ಮ ಬೆಂಚಿನ ಹತ್ತಿರ ಬಂದರೆ, ಕೇಳಬೇಕಾದದ್ದನ್ನೆಲ್ಲ ಕೇಳಿ, ಮನಸ್ಸು ಒಪ್ಪಿದರೆ ಬನ್ನಿ. ಕುರ್ಚಿಯ ಎತ್ತರ ನಿಮಗೆ ಸರಿಹೊಂದಿಸುತ್ತೇನೆ. ಬುತ್ತಿ ಚೀಲವನ್ನು ನನ್ನ ಮೇಜಿನ ಕೆಳಗಿಡಿ. ಬಾಗಿಲು ತೆರೆದೇ ಇರುತ್ತದೆ, ನಿಮ್ಮವರ ಹೆಸರು ಕೂಗಿದರೆ ನಾನೇ ಹೇಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕತ್ತಲೆ ಕೋಣೆಯ ಸ್ಕ್ಯಾನಿನವಳು
ಶಿವಮೊಗ್ಗ